ಹದಿನಾರಾಣೆಯ ಮಾತು

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಗಾದೆಯೊಂದನ್ನು ಕೊಟ್ಟು, ಅದನ್ನು ವಿಸ್ತರಿಸಿ ಬರೆಯಿರೆಂದು ಕೇಳುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕೊಟ್ಟ ಗಾದೆ ಹಾಸಿಗೆಯನ್ನು ಕುರಿತದ್ದಾಗಲಿ, ಹಾವನ್ನು ಕುರಿತದ್ದಾಗಲಿ, ಉತ್ತರವು ಬಹುಮಟ್ಟಿಗೆ ಒಂದೇ ಮಂಗಳಾಚರಣೆಯಿಂದ ಮೊದಲಾಗುತ್ತದೆ: “ಗಾದೆಗಳು ವೇದಗಳಿಗೆ ಸಮಾನ.” ಧೈರ್ಯಶಾಲಿಯಾದ ವಿದ್ಯಾರ್ಥಿ ಇನ್ನೊಂದು ಹೆಜ್ಜೆ ಮುಂದಿಟ್ಟು, “ವೇದ ಸುಳ್ಳಾದರೂ ಗಾದೆ ಸುಳ್ಳಾಗದು” ಎಂದೂ ಸೇರಿಸುತ್ತಾನೆ. ವಿಜಯನಗರ, ಬಸವೇಶ್ವರನಗರಗಳ ಮನೆಪಾಠದ ಕೋಣೆಗಳಲ್ಲಿ ಸಂಜೆಯ ಹೊತ್ತು ಕಿವಿಗೊಟ್ಟರೆ, ಈ ವಾಕ್ಯ ಮಗ್ಗಿಯಂತೆ ಕಂಠಸ್ಥವಾಗುತ್ತಿರುವುದನ್ನು ಕೇಳಬಹುದು. ವೇದವನ್ನು ಓದದೆ, ಗಾದೆಯನ್ನು ಆಡದೆ, ಎರಡೂ ಸಮಾನವೆಂದು ತೀರ್ಪಿತ್ತು ಅಂಕ ಗಳಿಸುವ ಈ ಚಾತುರ್ಯಕ್ಕೆ ಮೆಚ್ಚಲೇಬೇಕು.

ಆದರೆ ಪಾಠ ಮುಗಿಸಿ ಮನೆಗೆ ಬಂದ ಅದೇ ಹುಡುಗನಿಗೆ ಅಜ್ಜಿ, “ಕೈ ಕೆಸರಾದರೆ ಬಾಯಿ ಮೊಸರು, ಒಂದಿಷ್ಟು ಬಟ್ಟೆ ಮಡಿಸೋ” ಎಂದರೆ, ಅವನು ಮೊದಲು ನೋಡುವುದು ತನ್ನ ಕೈಯನ್ನು. ಕೈಯಲ್ಲಿ ಕೆಸರಿಲ್ಲ, ಬಾಯಿಗೆ ಮೊಸರು ಬೇಕಾದರೆ ಹಾಲಿನ ಬೂತಿನಲ್ಲಿ ಪೊಟ್ಟಣ ಸಿಗುತ್ತದೆ. ಗದ್ದೆಯ ಕೆಸರಿಗೂ ಗಡಿಗೆಯ ಮೊಸರಿಗೂ ನಡುವೆ ಇದ್ದ ಆರು ತಿಂಗಳ ದುಡಿಮೆ ಅವನ ಕಣ್ಣಿಗೆ ಬಿದ್ದಿಲ್ಲ. ಅವನ ಬಡಾವಣೆಯಲ್ಲಿ ಅವನು ಕಂಡ ಕೆಸರೆಂದರೆ ರಸ್ತೆ ಅಗೆದಾಗ ಎದ್ದ ಕೆಸರು ಮಾತ್ರ; ಅದರಿಂದ ಯಾರ ಬಾಯಿಗೂ ಮೊಸರು ಬಂದ ದಾಖಲೆಯಿಲ್ಲ. ಆದರೂ ಗಾದೆ ಅವನ ನೆನಪಿನಲ್ಲಿ ನಿಲ್ಲುತ್ತದೆ. ಏಕೆ? ಕೆಸರು, ಮೊಸರು ಎಂಬ ಎರಡು ಪದಗಳು ಒಂದರ ಕೈ ಒಂದು ಹಿಡಿದು ನಿಂತಿರುವುದರಿಂದ. ಅರ್ಥ ಜಾರಿದರೂ ಪ್ರಾಸ ಜಾರಗೊಡುವುದಿಲ್ಲ.

ವಸ್ತು ಅಳಿದ ಮೇಲೂ ಮಾತು ಉಳಿಯುವ ಈ ಬೆರಗು ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಇದೆ. “ಇದು ಹದಿನಾರಾಣೆ ಸತ್ಯ” ಎಂದು ರಾಜಾಜಿನಗರದ ತರಕಾರಿಯವಳು ಇಂದಿಗೂ ಆಣೆಯಿಡುತ್ತಾಳೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದಾಗಲೇ ಮುಗಿಯಿತು. ಅಂದಿನಿಂದ ಸತ್ಯ ನೂರು ಪೈಸೆಯದಾಗಬೇಕಿತ್ತು; ಆಗಲಿಲ್ಲ. ಅವಳ ಎದುರಿಗೆ ತೂಗುಹಾಕಿರುವ ಚೌಕದ ಚಿತ್ರಕ್ಕೆ ಗಿರಾಕಿ ಫೋನನ್ನು ಹಿಡಿದು ಹಣ ಕಳಿಸುತ್ತಾನೆ. ಅಲ್ಲಿ ನಾಣ್ಯವೂ ಇಲ್ಲ, ನೋಟೂ ಇಲ್ಲ. ಸತ್ಯ ಮಾತ್ರ ಹದಿನಾರು ಆಣೆಯಲ್ಲೇ ಚಲಾವಣೆಯಾಗುತ್ತಿದೆ.

ಅಳತೆಗಳ ಕಥೆಯೂ ಹೀಗೆಯೇ. ಮೆಟ್ರಿಕ್ ಅಳತೆಯ ಶಾಸನವಾದದ್ದು 1956ರಲ್ಲಿ. ಮುಂದಿನ ಕೆಲವು ವರ್ಷಗಳಲ್ಲಿ ಪಾವು, ಸೇರು, ಬಳ್ಳಗಳು ಅಂಗಡಿಯಿಂದ ಅಟ್ಟಕ್ಕೇರಿದವು. ಆದರೂ ಇಬ್ಬರು ಜಟ್ಟಿಗಳು ಎದುರಾದರೆ, ಚುನಾವಣೆಯಲ್ಲಿ ಇಬ್ಬರು ಮುಖಂಡರು ಸೆಣಸಿದರೆ, ಪತ್ರಿಕೆಗಳು “ಸೇರಿಗೆ ಸವ್ವಾಸೇರು” ಎಂದೇ ಬರೆಯುತ್ತವೆ. ಸವ್ವಾಸೇರೆಂದರೆ ಒಂದೂಕಾಲು ಸೇರೆಂದು ತಿಳಿಯದವನಿಗೂ ಆ ಮಾತಿನ ಹುರುಪು ತಿಳಿಯುತ್ತದೆ. “ಕಿಲೋವಿಗೆ ಒಂದೂಕಾಲು ಕಿಲೋ” ಎಂದು ಯಾರಾದರೂ ಸುಧಾರಿಸಿ ಹೇಳಿದ್ದರೆ ಜಟ್ಟಿಗಳೇ ನಕ್ಕು ಕುಸ್ತಿ ಬಿಡುತ್ತಿದ್ದರು. ಕಾಸೆಂಬ ನಾಣ್ಯ ಹೋದರೂ “ಕಾಸಿಗೆ ತಕ್ಕ ಕಜ್ಜಾಯ” ಹಳಸಿಲ್ಲ.

ಬೆಂಗಳೂರಿನ ಪಡುವಣ ಬಡಾವಣೆಗಳಿಗೂ ಗಾದೆಗಳಿಗೂ ಹತ್ತಿರದ ನಂಟಿದೆ. ಇಂದು ಸಾಲುಮನೆಗಳಿರುವ ಕಡೆ ಹಿಂದೆ ಇದ್ದವು ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯಗಳೆಂಬ ಊರುಗಳು. ಅವುಗಳ ಹೆಸರುಗಳು ಇಂದಿಗೂ ಬಸ್ಸಿನ ಫಲಕಗಳಲ್ಲಿ ಉಳಿದಿವೆ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರ ತರುವಾಯ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರ, ಇವು ಹೊಲಗಳನ್ನು ಅಳೆದು ನಿವೇಶನಗಳನ್ನಾಗಿ ಹಂಚಿದವು. ಸ್ವತಂತ್ರ ಭಾರತದ ಕೊನೆಯ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಒಂದು ಬಡಾವಣೆ ಹೊತ್ತಿತು; ಅಳಿದುಹೋದ ಸಾಮ್ರಾಜ್ಯದ ಹೆಸರನ್ನು ಇನ್ನೊಂದು, ಬಸವಣ್ಣನವರ ಹೆಸರನ್ನು ಮತ್ತೊಂದು. ಮಂಡ್ಯ, ಮಾಗಡಿ, ತುಮಕೂರು, ಹಾಸನಗಳಿಂದ ಬಂದು ಇಲ್ಲಿ ನೆಲೆನಿಂತ ಕುಟುಂಬಗಳು ತಮ್ಮೊಡನೆ ಟ್ರಂಕು, ಒರಳುಕಲ್ಲು, ದೇವರ ಪಟಗಳ ಜೊತೆಗೆ ಬಾಡಿಗೆಯಿಲ್ಲದ ಇನ್ನೊಂದು ಸಾಮಾನನ್ನೂ ತಂದವು. ಅದೇ ಊರಿನ ಮಾತು.

ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಆ ಸಾಮಾನಿಗೆ ಮೊದಲ ಪ್ರಯೋಜನ ಸಿಕ್ಕಿತು. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದನ್ನು ಹಳ್ಳಿಯಲ್ಲಿ ಬಾಯಿಮಾತಿಗೆ ಆಡುತ್ತಿದ್ದ ಗುಮಾಸ್ತ, ರಾಜಾಜಿನಗರದಲ್ಲಿ ಅದನ್ನು ಅಕ್ಷರಶಃ ಅನುಭವಿಸಿದ. ಸಿಮೆಂಟಿನ ಪರವಾನಗಿ, ಮೇಸ್ತ್ರಿಯ ಮುನಿಸು, ಬಾರದ ನೀರು, ಏರಿದ ಸಾಲ, ಇವೆಲ್ಲ ಆ ಗಾದೆಗೆ ಅವನು ಬರೆದ ವ್ಯಾಖ್ಯಾನ. ಇಂದು ಅವನ ಮೊಮ್ಮಗ ಇಪ್ಪತ್ತು ವರ್ಷಗಳ ಕಂತಿನ ಮೇಲೆ ಕೆಂಗೇರಿಯಾಚೆ ಹನ್ನೊಂದನೆಯ ಅಂತಸ್ತಿನ ಮನೆ ಕೊಳ್ಳುವಾಗ, “ಹಾಸಿಗೆಯಿದ್ದಷ್ಟು ಕಾಲು ಚಾಚು” ಎಂದು ಯಾರಾದರೂ ಹೇಳಿಯಾರೇ? ಹೇಳಿದರೆ ಬ್ಯಾಂಕಿನವರು ಹೆಚ್ಚು ಉದ್ದದ ಹಾಸಿಗೆಯನ್ನೇ ಸಾಲವಾಗಿ ಕೊಡಲು ಮುಂದೆ ಬರುತ್ತಾರೆ.

ಊರಮಾತನ್ನು ಸಂಗ್ರಹಿಸಿಡಬೇಕೆಂಬ ಎಚ್ಚರ ಹುಟ್ಟಿದ್ದು ನಮ್ಮಲ್ಲಿ ಮಾತ್ರವಲ್ಲ. ಭೂಮಿಯ ಉತ್ತರದ ಅಂಚಿನಲ್ಲಿರುವ ನಾರ್ವೆ ದೇಶದ ಉದಾಹರಣೆ ಇಲ್ಲಿ ಸ್ಮರಣೀಯವಾದದ್ದು. ಆ ದೇಶ ಬಹುಕಾಲ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದು, 1814ರಲ್ಲಿ ಅದರಿಂದ ಬೇರೆಯಾಯಿತು. ಬಾಯಲ್ಲಿ ಆಡುವುದು ಕಣಿವೆಕಣಿವೆಗೆ ಬೇರೆಯಾದ ಹಳ್ಳಿಯ ನುಡಿ, ಕೈಯಲ್ಲಿ ಬರೆಯುವುದು ಡೇನಿಷ್; ಇದು ಅಂದಿನ ಪರಿಸ್ಥಿತಿ. ಆಗ ಈವಾರ್ ಓಸೆನ್ ಎಂಬ ರೈತನ ಮಗ, 1842ರಿಂದ ಕೆಲವು ವರ್ಷ ಹಳ್ಳಿಹಳ್ಳಿ ಅಲೆದು ಜನರ ನುಡಿಯನ್ನು ಬರೆದುಕೊಂಡ. 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು, 1856ರಲ್ಲಿ ನಾರ್ವೆಯ ಗಾದೆಗಳ ಸಂಗ್ರಹ, ಹೀಗೆ ಒಂದೊಂದಾಗಿ ಪ್ರಕಟಿಸಿದ. ಆ ಹಳ್ಳಿಯ ನುಡಿಗಳಿಂದ ಅವನು ರೂಪಿಸಿದ ಬರಹದ ಭಾಷೆಗೆ 1885ರಲ್ಲಿ ಅಲ್ಲಿನ ಶಾಸನಸಭೆ ಸಮಾನ ಸ್ಥಾನವನ್ನಿತ್ತಿತು. ಕೊಟ್ಟಿಗೆಯಲ್ಲಿ ಹುಟ್ಟಿದ ಮಾತು ಕಚೇರಿಯ ಮೆಟ್ಟಿಲೇರಿದ್ದು ಹೀಗೆ.

ಕನ್ನಡಕ್ಕೆ ಇಂಥದೊಂದು ಉಪಕಾರ ಹೊರಗಿನಿಂದ ಬಂತು. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್, ದಶಕಗಳ ದುಡಿಮೆಯ ಫಲವಾಗಿ 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟನ್ನು ಮುದ್ರಿಸಿದರು. ಆ ಬೃಹದ್ಗ್ರಂಥವನ್ನು ತೆರೆದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಪದದ ಅರ್ಥಕ್ಕೆ ಆಧಾರವಾಗಿ ಅವರು ಹಳೆಯ ಕಾವ್ಯಗಳನ್ನು ಉದಾಹರಿಸುವಂತೆಯೇ, ಬೀದಿಯ ಗಾದೆಗಳನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಕವಿಯೂ ಸಾಕ್ಷಿ, ಕಳೆ ಕೀಳುವವಳೂ ಸಾಕ್ಷಿ. ಪಂಡಿತರ ಮನೆಯ ಊಟದಲ್ಲಿ ಪಂಕ್ತಿಭೇದವಿದ್ದ ಕಾಲದಲ್ಲಿ, ನಿಘಂಟಿನ ಪುಟದಲ್ಲಾದರೂ ಅದು ಮುರಿಯಿತು.

ನಾರ್ವೆಯವರ ಗಾದೆಗಳನ್ನೂ ನಮ್ಮವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಂದು ವಿನೋದ. “ಕರಡಿಯನ್ನು ಹೊಡೆಯುವ ಮುಂಚೆ ಅದರ ಚರ್ಮವನ್ನು ಮಾರಬೇಡ” ಎನ್ನುತ್ತಾರೆ ಅವರು. ನಮ್ಮವರೆನ್ನುವುದು “ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು.” ಬುದ್ಧಿ ಒಂದೇ, ಒಂದು ಕಡೆ ಬೇಟೆಗಾರನ ಆತುರ, ಇನ್ನೊಂದು ಕಡೆ ಅಜ್ಜಿಯ ಆತುರ. “ಎಷ್ಟೋ ಸಣ್ಣ ತೊರೆಗಳು ಸೇರಿ ಒಂದು ದೊಡ್ಡ ಹೊಳೆ” ಎಂಬುದು ಅವರ ಮಾತು. “ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ” ಎಂಬುದು ನಮ್ಮದು. ನೀರಿಗೆ ಬರವಿಲ್ಲದ ನಾಡು ತೊರೆಯಿಂದ ಲೆಕ್ಕ ಆರಂಭಿಸುತ್ತದೆ. ಮುಗಿಲು ನೋಡಿ ಬದುಕುವ ನಾಡು ಹನಿಯಿಂದ. ಇನ್ನು ಅವರ ಪ್ರಸಿದ್ಧವಾದ ಮಾತು: “ಕೆಟ್ಟ ಹವೆಯೆಂಬುದಿಲ್ಲ, ಇರುವುದು ಕೆಟ್ಟ ಉಡುಪು ಮಾತ್ರ.” ಅವರ ಭಾಷೆಯಲ್ಲಿ ಹವೆಗೂ ಉಡುಪಿಗೂ ಪ್ರಾಸ ಕೂಡುತ್ತದೆ, ನಮ್ಮ ಕೆಸರು–ಮೊಸರಿನ ಹಾಗೆ. ಹಿಮದಲ್ಲಿ ನಡೆದು ಶಾಲೆಗೆ ಹೋಗುವ ಮಕ್ಕಳಿಗೆ ಅದು ಬರಿಯ ನುಡಿಮುತ್ತಲ್ಲ, ಬೆಳಗಿನ ಆಜ್ಞೆ. ನಾಲ್ಕು ಹನಿ ಬಿದ್ದರೆ ಶಾಲೆಗೆ ರಜೆಯುಂಟೇ ಎಂದು ಕೇಳುವ ನಮ್ಮ ಬಾಲಕರಿಗೆ ಈ ಗಾದೆಯನ್ನು ಕಲಿಸದಿರುವುದೇ ಕ್ಷೇಮವೆಂದು ಅವರು ವಾದಿಸಬಹುದು.

ಕೆಲವು ಮಾತುಗಳಂತೂ ಗಡಿಯನ್ನೇ ಅರಿಯವು. “ಮಾತು ಬೆಳ್ಳಿ, ಮೌನ ಬಂಗಾರ” ಎಂಬುದನ್ನು ನಮ್ಮ ಮಕ್ಕಳು ಅಚ್ಚಕನ್ನಡದ ಗಾದೆಯೆಂದು ವಿಸ್ತರಿಸುತ್ತಾರೆ. ಅದೇ ಮಾತನ್ನು ನಾರ್ವೆಯ ಮಕ್ಕಳೂ ತಮ್ಮದೆನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಒಂದು ಜರ್ಮನ್ ಶಾಸನದ ಮಾತೆಂದು ಹೇಳಿ ಅದನ್ನು 1830ರ ದಶಕದಲ್ಲಿ ಇಂಗ್ಲಿಷ್ ಓದುಗರಿಗೆ ಪರಿಚಯಿಸಿದವನು ಥಾಮಸ್ ಕಾರ್ಲೈಲ್. ಮೌನವನ್ನು ಹೊಗಳುವ ಮಾತು ಇಷ್ಟು ದೇಶಗಳನ್ನು ಸುತ್ತಿ ಇಷ್ಟು ಬಾಯಿಗಳಲ್ಲಿ ಆಡಿರುವುದು ಒಂದು ತಮಾಷೆಯೇ ಸರಿ.

ಮಾತು ಹೀಗೆ ಅಲೆಯುವಾಗ ಒಡೆಯನನ್ನು ಮರೆಯುವುದೂ ಉಂಟು. ಬಸವೇಶ್ವರನಗರದ ಬೀದಿಗಳಲ್ಲಿ ಅಂಗಡಿಯ ಗೋಡೆಗೂ ಆಟೋರಿಕ್ಷಾದ ಬೆನ್ನಿಗೂ ಒಪ್ಪುವ ಎರಡು ಪದಗಳ ಮಾತೊಂದಿದೆ. ದುಡಿಮೆಯನ್ನೂ ಕೈಲಾಸವನ್ನೂ ಒಂದೇ ಎನ್ನುವ ಆ ಮಾತು ವಾಚಕರೆಲ್ಲರಿಗೂ ಪರಿಚಿತ. ಬಸವಣ್ಣನವರ ಚಿತ್ರದ ಕೆಳಗೇ ಅದನ್ನು ಬರೆಯುವುದು ವಾಡಿಕೆ. ಆದರೆ ವಚನಗಳನ್ನು ಓದಿದವರು ಬಲ್ಲಂತೆ, ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದು ಬದುಕುತ್ತಿದ್ದ ಶರಣನಾತ. ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಒಂದು ದಿನ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಹೆಂಡತಿ ಲಕ್ಕಮ್ಮ ತಿದ್ದಿದಳೆಂಬುದು ಪ್ರಸಿದ್ಧ ಕಥೆ. ಬಸವಣ್ಣನವರಿಗೆ ಇದರಿಂದ ಕೊರತೆಯೇನೂ ಇಲ್ಲ. ಅವರ ಬಳಗದವನ ಮಾತು ಅವರ ಮಾತೇ ಎನ್ನೋಣ. ಆದರೂ ನೆಲದ ಕಾಳು ಆಯ್ದವನು ಆಡಿದ ಮಾತೆಂದು ತಿಳಿದರೆ, ಆ ಎರಡು ಪದಗಳ ತೂಕ ಹೆಚ್ಚುತ್ತದೆ.

ಹೋಗಲಿ, ಗಾದೆ ವೇದಕ್ಕೆ ಸಮಾನವೆಂಬುದು ಎಷ್ಟರಮಟ್ಟಿಗೆ ನಿಜ? “ಗಾಳಿ ಬಂದಾಗ ತೂರಿಕೋ” ಎಂದು ಒಂದು ಗಾದೆ ಅವಸರಪಡಿಸುತ್ತದೆ. “ತಾಳಿದವನು ಬಾಳಿಯಾನು” ಎಂದು ಇನ್ನೊಂದು ತಡೆಯುತ್ತದೆ. ನಾರ್ವೆಯಲ್ಲಿಯೂ ಇದೇ ಜಗಳ: ಕಬ್ಬಿಣ ಕಾದಿರುವಾಗಲೇ ಬಡಿ ಎಂಬುದೊಂದು, ಒಳ್ಳೆಯದಕ್ಕಾಗಿ ಕಾದವನು ವ್ಯರ್ಥವಾಗಿ ಕಾಯುವುದಿಲ್ಲ ಎಂಬುದಿನ್ನೊಂದು. ಹಾಗಾದರೆ ಗಾದೆ ವೇದವಲ್ಲ, ವಕೀಲ. ಯಾವ ಪಕ್ಷ ಹಿಡಿದರೂ ವಾದಕ್ಕೆ ಸಿದ್ಧ. ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದರ ಮೇಲೆ ಅದರ ಸತ್ಯ ನಿಂತಿದೆ.

ಕೆಂಗೇರಿಯ ಕಡೆಗೆ ಹೋಗುವ ವೃಷಭಾವತಿಯನ್ನು ನೋಡಿದರೆ ಇದು ಮನದಟ್ಟಾಗುತ್ತದೆ. “ನದೀಮೂಲ, ಋಷಿಮೂಲ ಹುಡುಕಬಾರದು” ಎಂಬುದು ಹಿರಿಯರ ಮಾತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ನದಿ ಹುಟ್ಟಿತೆಂದು ಒಂದು ನಂಬಿಕೆ. ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ಅದರ ಒಂದು ಮೂಲವೆಂದು ಇನ್ನೊಂದು. ಎರಡೂ ಪುಣ್ಯಸ್ಥಳಗಳೇ. ಆದರೆ ಮೈಸೂರು ರಸ್ತೆಯ ಗುಂಟ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಭೈರಮಂಗಲ ಕೆರೆಯನ್ನು ಸೇರುವಷ್ಟರಲ್ಲಿ ಅದು ನಗರದ ಕೊಳೆಯನ್ನೆಲ್ಲ ಹೊತ್ತಿರುತ್ತದೆ. ಅಲ್ಲಿಂದ ಅರ್ಕಾವತಿ, ಅರ್ಕಾವತಿಯಿಂದ ಕಾವೇರಿ. ಋಷಿಯ ವಿಷಯದಲ್ಲಿ ಸೌಜನ್ಯವಾದ ಆ ಗಾದೆ, ಈ ನದಿಯ ವಿಷಯದಲ್ಲಿ ಅಲಕ್ಷ್ಯಕ್ಕೆ ಆಸರೆಯಾಯಿತೆನ್ನಬೇಕು. ಮೂಲವನ್ನು ಹುಡುಕಿ ಕಾಪಾಡಿದ್ದರೆ ಅದು ಹೊಳೆಯಾಗಿಯೇ ಉಳಿಯುತ್ತಿತ್ತೇನೋ. ಹನಿಗೂಡಿದರೆ ಹಳ್ಳವೆಂಬ ಗಾದೆ ಮಾತ್ರ ಇಲ್ಲಿ ಸುಳ್ಳಾಗಲಿಲ್ಲ. ಮನೆಮನೆಯ ಬಚ್ಚಲಿನ ಹನಿಗಳೂ ಕೂಡಿದರೆ ಹಳ್ಳವೇ. 2021ರಿಂದ ಕೆಂಗೇರಿಯವರೆಗೆ ಓಡುತ್ತಿರುವ ಮೆಟ್ರೋ ರೈಲಿನಲ್ಲಿ ಕುಳಿತವರು ಕಿಟಕಿಯ ಗಾಜಿನ ಹಿಂದೆ ಇರುವುದರಿಂದ ಅದರ ವಾಸನೆಯನ್ನು ಅರಿಯರು.

ಇದಕ್ಕಿಂತ ಹತ್ತಿರದ ಕೊಳೆಯೊಂದಿದೆ. ಅದನ್ನು ಹೇಳದೆ ಗಾದೆಗಳ ಸ್ತುತಿ ಮುಗಿಸುವುದು ನ್ಯಾಯವಲ್ಲ. “ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ” ಎಂಬುದೂ ಗಾದೆಯೇ. ಕುಲದ ಹೆಸರು ಹಿಡಿದು, ಕಸುಬಿನ ಹೆಸರು ಹಿಡಿದು, ಕುಂಟ–ಕುರುಡರನ್ನು ಹಿಡಿದು ಹಂಗಿಸುವ ಮಾತುಗಳಿಗೂ ನಮ್ಮ ಸಂಗ್ರಹಗಳಲ್ಲಿ ಬಡತನವಿಲ್ಲ. ವಿದ್ಯಾರ್ಥಿ ಇವನ್ನೂ ವೇದಕ್ಕೆ ಸಮಾನವೆನ್ನಬೇಕೇ? ಸಂಗ್ರಹಕಾರ ಇವನ್ನು ಬರೆದಿಟ್ಟದ್ದು ತಪ್ಪಲ್ಲ; ಕನ್ನಡಿ ಮೊಡವೆಯನ್ನು ಮರೆಮಾಚಬಾರದು. ಆದರೆ ಕನ್ನಡಿಯಲ್ಲಿ ಕಂಡದ್ದನ್ನೆಲ್ಲ ಪೂಜಿಸಬೇಕಾಗಿಯೂ ಇಲ್ಲ.

ಗಾದೆಯ ಬಲವೂ ಕ್ರೌರ್ಯವೂ ಹುಟ್ಟುವುದು ಒಂದೇ ಕಡೆಯಿಂದ: ಅದು ಯಾರದೂ ಅಲ್ಲದ ಮಾತು. ಪಡುವಣ ಬಡಾವಣೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅತ್ತೆ ಊರಿನವಳು, ಸೊಸೆ ಎಂಜಿನಿಯರು. ಸೊಸೆ ಕೆಲಸದಿಂದ ರಾತ್ರಿ ಎಂಟಕ್ಕೆ ಬಂದರೆ, ಅತ್ತೆ ಏನನ್ನೂ ನೇರವಾಗಿ ಹೇಳುವುದಿಲ್ಲ. ಗೋಡೆಗೆ ಒಂದು ಗಾದೆ ಹೇಳುತ್ತಾಳೆ. ಕೇಳಿದರೆ, “ನಾನೆಲ್ಲಿ ಹೇಳಿದೆ? ಹಿರಿಯರು ಹೇಳಿದ್ದು” ಎನ್ನುತ್ತಾಳೆ. ಬಾಣ ನೆಟ್ಟಿದೆ, ಬಿಲ್ಲು ಯಾರದೆಂದು ತಿಳಿಯದು. ಇದು ಗಾದೆಯ ಹಳೆಯ ವಿದ್ಯೆ.

ಆದರೆ ಅದೇ ವಿದ್ಯೆ ಒಂದು ಕಾಲದಲ್ಲಿ ಸೊಸೆಗೂ ಇತ್ತು. ಕೂಡುಕುಟುಂಬದಲ್ಲಿ ಎದುರಾಡುವ ಹಕ್ಕಿಲ್ಲದ ಹೆಣ್ಣು, ಮಗುವನ್ನು ತಟ್ಟುತ್ತ, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದರೆ ಯಾರೂ ಅವಳನ್ನು ದಂಡಿಸುವಂತಿರಲಿಲ್ಲ. ಅವಳೂ ಹಿರಿಯರ ಮಾತನ್ನೇ ಆಡಿದ್ದಳು. ಬಾಯಿ ಕಟ್ಟಿದವರಿಗೆ ಗಾದೆಯೊಂದು ಬಾಯಿಯಾಗಿತ್ತು. ಇಂದಿನ ಸೊಸೆ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ದುಡಿದು, ಮನೆಯಲ್ಲಿ ಚಿಕ್ಕ ಕನ್ನಡದಲ್ಲಿ ಬದುಕುವಳು. ಅತ್ತೆಯ ಗಾದೆ ಅವಳಿಗೆ ನಾಟುತ್ತದೆ. ತಿರುಗಿ ಕೊಡಲು ಅವಳ ಬತ್ತಳಿಕೆಯಲ್ಲಿ ಒಂದೂ ಇಲ್ಲ. ಆದಕಾರಣ ಅವಳು ನೇರವಾಗಿ ಉತ್ತರಿಸುತ್ತಾಳೆ. ಹಿಂದೆ ಎರಡು ಗಾದೆಗಳ ನಡುವೆ ಮುಗಿಯಬಹುದಾಗಿದ್ದ ಜಗಳ, ಈಗ ಇಬ್ಬರು ಮನುಷ್ಯರ ನಡುವೆ ನಡೆದು, ಬೇರೆ ಮನೆಯ ಬಾಡಿಗೆಯ ಮಾತಿನವರೆಗೆ ಹೋಗುತ್ತದೆ. ಹಾಗೆಂದು ಹಿಂದಿನದೇ ಸೊಗಸೆಂದೂ ಹೇಳುವಂತಿಲ್ಲ. ಹಿಂದಿನವಳು ಸಹಿಸಿದ್ದನ್ನು ಇಂದಿನವಳು ಸಹಿಸಬೇಕಾಗಿಲ್ಲ. ಆದರೆ ಒಡೆಯನಿಲ್ಲದ ಮಾತಿನಿಂದ ಒಬ್ಬರಿಗೊಬ್ಬರು ಸತ್ಯ ತಿಳಿಸುವ ಉಪಾಯ ಕೈಬಿಟ್ಟುಹೋದುದು ನಷ್ಟವೇ.

ಹಾಗಾದರೆ ಮುಂದಿನವರಿಗೆ ಕೊಡಬೇಕಾದ್ದು ಏನು? ಮಾರ್ಗದರ್ಶಿ ಪುಸ್ತಕದ ಪಟ್ಟಿಯಲ್ಲ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದನ್ನು ಹುಡುಗ ಪರೀಕ್ಷೆಗಾಗಿ ಹದಿನೈದು ಸಾಲಿಗೆ ಹಿಗ್ಗಿಸುವುದಕ್ಕಿಂತ, ಮನೆಯವರು ಊಟದ ಹೊತ್ತಿನಲ್ಲಿ ಒಮ್ಮೆ ನಗುತ್ತ ಆಡಿದರೆ ಹೆಚ್ಚು ಕಲಿಯುತ್ತಾನೆ. ಗಾದೆಯೆಂಬುದು ಕುಗ್ಗಿಸಿದ ಮಾತು. ಅದನ್ನು ಹಿಗ್ಗಿಸಿ ಬರೆಸುವುದು ಹಿಂಡಿದ ನಿಂಬೆಯ ರಸವನ್ನು ಮತ್ತೆ ಸಿಪ್ಪೆಗೆ ತುಂಬಿದಂತೆ. ಅದಕ್ಕೆ ಬೇಕಾದದ್ದು ಸಮಯಕ್ಕೆ ಸರಿಯಾಗಿ ತೆರೆದ ಒಂದು ಬಾಯಿ, ಅರ್ಥಮಾಡಿಕೊಳ್ಳುವ ಒಂದು ಕಿವಿ.

ಗಾದೆಗೆ ಹುಟ್ಟಿದ ದಿನವಿಲ್ಲ. ಸಾಯುವ ದಿನವೂ ಯಾರಿಗೂ ತಿಳಿಯುವುದಿಲ್ಲ. ಆಣೆಯನ್ನು ಸರ್ಕಾರ ರದ್ದು ಮಾಡಬಹುದು, ಹದಿನಾರಾಣೆ ಸತ್ಯವನ್ನು ರದ್ದು ಮಾಡಲಾರದು. ಒಂದು ಗಾದೆಯನ್ನು ಕೊನೆಗಾಣಿಸುವ ಅಧಿಕಾರವಿರುವುದು ಅದನ್ನು ಆಡುವವರಿಗೆ ಮಾತ್ರ. ಸೊಸೆಯ ಬುದ್ಧಿಯನ್ನು ಮೊಣಕಾಲಿಗೆ ಇಳಿಸುವ ಮಾತು ನಾಲಗೆಯ ತುದಿಗೆ ಬಂದಾಗ ಅತ್ತೆಯೊಬ್ಬಳು ಅದನ್ನು ನುಂಗಿಕೊಂಡರೆ, ಆ ಮನೆಯ ಮಟ್ಟಿಗೆ ಅದು ಅಲ್ಲಿಗೇ ತೀರಿತು. ಮೊಮ್ಮಗಳ ಕಿವಿಗೆ ಅದು ಬೀಳುವುದಿಲ್ಲ. ಕೆಸರು–ಮೊಸರಿನ ಮಾತನ್ನು ಅವಳು ಆಡದಿದ್ದರೆ ಅದೂ ಹಾಗೆಯೇ ತೀರುತ್ತದೆ. ಕೆಟ್ಟ ಮಾತೂ ಒಳ್ಳೆಯ ಮಾತೂ ಸಾಯುವ ದಾರಿ ಒಂದೇ. ಯಾವುದನ್ನು ನುಂಗಬೇಕು, ಯಾವುದನ್ನು ಆಡಬೇಕು ಎಂಬುದನ್ನು ಯಾವ ಗಾದೆಯೂ ಹೇಳಿಕೊಡುವುದಿಲ್ಲ. ಅದನ್ನು ಮನೆಯ ಹಿರಿಯರೇ, ದಿನದಿನವೂ, ಊಟದ ಹೊತ್ತಿಗೆ ಆರಿಸಿಕೊಳ್ಳಬೇಕಾಗಿದೆ.